ಬಚ್ಚಿಟ್ಟ ಉಪ್ಪು

"ಉಪ್ಪಿನ ಗಡಿಗೆ ಎಲ್ಲಮ್ಮಿ?" ಅಂಜಮ್ಮ ಒಲೆಯ ಪಕ್ಕದ ಮೂಲೆಯನ್ನು ತಡಕುತ್ತ ಕೇಳಿದಳು. "ಉಪ್ಪಿಲ್ಲದ ಮನೇಲಿ ಲಕ್ಷ್ಮಿ ನಿಲ್ಲಾಕಿಲ್ಲ. ಸೊಸೆ ಬಂದ್ಮ್ಯಾಗೆ ಅದೂ ಆಯ್ತು."

ಸೊಸೆ ಮುನಿಲಕ್ಷ್ಮಿ ಮುದ್ದೆ ತಿರುವುತ್ತಲೇ ಇದ್ದಳು. ಪಾಲಕೋಡ್ ಮಂಡಿಯಲ್ಲಿ ಇಡೀ ದಿನ ಟೊಮೆಟೊ ಆರಿಸಿದ ಬೆನ್ನು ಸಿಡಿಯುತ್ತಿತ್ತು. ಗಡಿಗೆಯನ್ನು ರಾಗಿ ಚೀಲದ ಹಿಂದೆ ಬಚ್ಚಿಟ್ಟವಳು ಅವಳೇ.

"ವಾಣೀ, ಕಲೈಸೆಲ್ವಿ ಅಂಗಡಿಗೋಗಿ ಕಲ್ಲುಪ್ಪು ತಕೊಂಬಾ. ನಿಂಗೆ ದಿಷ್ಟಿ ತೆಗೀಬೇಕು," ಎಂದು ಅಂಜಮ್ಮ ಮೊಮ್ಮಗಳನ್ನು ಕೂಗಿದಳು.

"ಮೆಲ್ಲಗೋಗು, ಓಡಬ್ಯಾಡ!" ಎಂದು ತಾಯಿ ಕೂಗುವಷ್ಟರಲ್ಲಿ ಮಗಳು ಬೀದಿಯ ತಿರುವು ದಾಟಿದ್ದಳು.

ಗಂಡ ಮಾದೇಶ್ ಕಬ್ಬಿನ ಗದ್ದೆಯಲ್ಲಿ ತಲೆಸುತ್ತಿ ಬಿದ್ದಾಗಿನಿಂದ ಇದೆಲ್ಲ ಶುರು. ಅವನಿಗೆ ಬಿ.ಪಿ. ಇದೆ, ಅವನಪ್ಪನಿಗೂ ಇತ್ತು ಎಂದು ತಿಳಿದ ಮೇಲೆ ಸೇಲಂನ ಡಾಕ್ಟರಮ್ಮ ಮಗುವನ್ನೂ ಕರೆತರಲು ಹೇಳಿದರು. ವಾಣಿಯ ಎದೆಗೆ ಜೆಲ್ಲಿ ಸವರಿ ಮಿಷನ್ ಆಡಿಸಿದರು. "ನೋಯಿ ಇಲ್ಲಮ್ಮಾ," ಎಂದರು ತಮಿಳಿನಲ್ಲಿ, ರೋಗವೇನಿಲ್ಲ ಎಂದು. ಮಗುವಿನ ಬಿ.ಪಿ. ಸರಿಯಾಗಿಯೇ ಇದೆ. ಆದರೆ ಹೃದಯದ ಗೋಡೆ ಒಂದಿಷ್ಟು ದಪ್ಪ, ರಕ್ತನಾಳ ಒಂದಿಷ್ಟು ಗಡುಸು. ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ, ಚೆನ್ನಾಗಿ ಓಡಾಡಲಿ, ಮುಂದಿನ ವರ್ಷ ಮತ್ತೆ ಬನ್ನಿ.

ರೋಗ ಇಲ್ಲದಿದ್ದರೆ ಮತ್ತೆ ಯಾಕೆ ಬರಬೇಕು? ಗೋಡೆ ದಪ್ಪಗಿದ್ದರೆ ಮನೆಗೆ ಗಟ್ಟಿಯಲ್ಲವೇ? ದಪ್ಪವಾದದ್ದು ಓಡಿದರೆ ಬಿರಿಯುವುದಿಲ್ಲವೇ? ಹಿಂದಿರುಗುವ ಬಸ್ಸಿನಲ್ಲಿ ಮುನಿಲಕ್ಷ್ಮಿ ಮಾದೇಶನನ್ನು ಕೇಳಿದರೆ, "ನನ್ನೇನ್ ಕೇಳ್ತೀಯ? ನಂಗೆ ಬಂದಿದ್ದೇ ನಂಗೆ ಗೊತ್ತಾಗ್ಲಿಲ್ಲ" ಎಂದು ಕಿಟಕಿಯತ್ತ ತಿರುಗಿಕೊಂಡಿದ್ದ.

ವಾಣಿ ಏದುಸಿರು ಬಿಡುತ್ತ ಬರಿಗೈಯಲ್ಲಿ ಬಂದಳು. "ದೀಪ ಅಚ್ಚಿದ್ಮ್ಯಾಗೆ ಉಪ್ಪು ಕೊಡಾಕಿಲ್ವಂತೆ ಅಜ್ಜಿ. ಅದ್ರ ಎಸ್ರೂ ಎತ್ಬಾರ್ದಂತೆ."

ಮುನಿಲಕ್ಷ್ಮಿ ಮಗಳ ಎದೆಗೆ ಅಂಗೈ ಒತ್ತಿದಳು. ಬಡಿಯುತ್ತಿತ್ತು. ಇನ್ನೊಂದು ಕೈ ತನ್ನೆದೆಗೆ ಇಟ್ಟುಕೊಂಡಳು. ಅದೂ ಬಡಿಯುತ್ತಿತ್ತು. ಯಾವುದು ಸರಿ, ಯಾವುದು ತಪ್ಪು ಎಂದು ಕೈಗೆ ತಿಳಿಯಲಿಲ್ಲ.

"ಅಮ್ಮಾ, ನಾಳೆ ಪಾಪಿರೆಡ್ಡಿಪಟ್ಟೀಲಿ ರೇಸ್. ಬರ್ತೀನಾ ಇಲ್ವಾ ಅಂತ ಇವತ್ತೇ ಸೊಲ್ಲಣುಂ ಅಂದವ್ರೆ ಪಿ.ಟಿ. ಸಾರ್. ಓಡ್ಲಾ, ಬ್ಯಾಡ್ವಾ?"

ಮುನಿಲಕ್ಷ್ಮಿ ಒಳಗೆ ಹೋಗಿ ಚೀಲದ ಹಿಂದಿನಿಂದ ಗಡಿಗೆ ತಂದಿಟ್ಟಳು.

"ಅಯ್ಯೋ ಕಳ್ಳಿ! ಚಿನ್ನ ಬಚ್ಚಿಡೋ ಜಾಗದಾಗೆ ಉಪ್ಪಾ?"

"ಸಾರಿಗೆ ಕಮ್ಮಿ ಆಕ್ರಿ ಅತ್ತೆ. ದಿಷ್ಟಿಗೆ ಎಷ್ಟು ಬೇಕೋ ತಕಳಿ."

ಅಂಜಮ್ಮ ಮುಷ್ಟಿ ತುಂಬ ಕಲ್ಲುಪ್ಪು ಹಿಡಿದು ಮೊಮ್ಮಗಳಿಗೆ ಸುತ್ತಿದಳು. "ಬೀದಿ ಕಣ್ಣು, ನೆಂಟರ ಕಣ್ಣು, ಆ ಡಾಕ್ಟ್ರಮ್ಮನ ಮಿಷನ್ ಕಣ್ಣು, ಎಲ್ಲಾ ಕರಗೋಗ್ಲಿ!" ವಾಣಿ ಕಿಸಕ್ಕನೆ ನಕ್ಕಳು. ಉಪ್ಪು ಚೊಂಬಿನ ನೀರಿಗೆ ಬಿತ್ತು. ಬೆರಳಾಡಿಸಿದ ಅಂಜಮ್ಮ, "ಓಯ್ತು ನೋಡು. ಯಾರೂ ತುಳೀದ ಕಡೆ ಸುರಿದು ಬಾ" ಎಂದು ಸೊಸೆಯ ಕೈಗೆ ಚೊಂಬು ಕೊಟ್ಟಳು.

ಹೊರಗೆ ಇನ್ನೂ ಮಸುಕು ಬೆಳಕಿತ್ತು. ಬಾಳೆಬುಡಕ್ಕೆ ಸುರಿದರೆ ಬಾಳೆ ಸಾಯುತ್ತದೆ. ದಾರಿಗೆ ಸುರಿದರೆ ಯಾರಾದರೂ ತುಳಿಯುತ್ತಾರೆ. ಬಗ್ಗಿ ನೋಡಿದಳು. ತಿಳಿನೀರು, ಉಪ್ಪಿನ ಸುಳಿವೇ ಇರಲಿಲ್ಲ.

ವಾಣಿ ಹಿಂದೆಯೇ ಬಂದು ನಿಂತಿದ್ದಳು.

"ಆ ಹುಣಸೆಮರದ ಗಂಟ ಓಡು," ಎಂದಳು ಮುನಿಲಕ್ಷ್ಮಿ. "ನಾ ನೋಡ್ತೀನಿ."

ಹುಡುಗಿ ಚಪ್ಪಲಿ ಬಿಟ್ಟು ಓಡಿದಳು. ಎರಡು ಜಡೆಗಳು ಬೆನ್ನ ಮೇಲೆ ಕುಣಿಯುತ್ತ ಚಿಕ್ಕವಾಗುತ್ತಾ ಹೋದವು. ಮುನಿಲಕ್ಷ್ಮಿ ಇನ್ನೂ ಸುರಿಯದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಅವಳನ್ನೇ ನೋಡುತ್ತ ನಿಂತಿದ್ದಳು.