ಗೇಟಿನಾಚೆಯ ಸಿಗ್ನಲ್

ನಮ್ಮ ಚಿಕ್ಕಪ್ಪನಿಗೆ ಮಾತು ಬರುತ್ತಿದ್ದದ್ದು ನಡೆಯುವಾಗ ಮಾತ್ರ. ಕುರ್ಚಿಯಲ್ಲಿ ಕೂತರೆಂದರೆ 'ನಮಸ್ಕಾರ'ದ ಮೊದಲ ಅಕ್ಷರವೇ ಗಂಟಲಲ್ಲಿ ಅಡ್ಡ ಕೂತು, ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿಹೋಗಿ, ನೋಡುವವರಿಗೇ ಉಸಿರು ಕಟ್ಟುತ್ತಿತ್ತು. ಅದೇ ಮನುಷ್ಯ ಎದ್ದು ನಾಲ್ಕು ಹೆಜ್ಜೆ ಹಾಕಿದರೋ, ವಾಗ್ಝರಿ ಸರಾಗವಾಗಿ ಹರಿಯುತ್ತಿತ್ತು. ಅವರ ಜೊತೆ ಹರಟಬೇಕಾದರೆ ಗಟ್ಟಿ ಚಪ್ಪಲಿ ಬೇಕೆಂದು ನಾವು ತಮಾಷೆ ಮಾಡುತ್ತಿದ್ದೆವು. ಬಸ್ಸು ತಪ್ಪಿದ ಒಂದು ಸಂಜೆ ಚಿಕ್ಕಮ್ಮನನ್ನು ಮನೆಯವರೆಗೆ ನಡೆಸಿಕೊಂಡು ಹೋಗಿ ಮದುವೆಗೆ ಒಪ್ಪಿಸಿದ್ದರಂತೆ. ಬಸ್ಸನ್ನು ಬೇಕೆಂದೇ ತಪ್ಪಿಸಿದರೆಂಬುದು ಚಿಕ್ಕಮ್ಮನ ದೂರು.

ನಗರದ ದೊಡ್ಡ ಉದ್ಯಾನದಲ್ಲಿ ಅವರು ಸಹಾಯಕ ಅಧೀಕ್ಷಕರು. ಜೇಬುಗಳಲ್ಲಿ ಕತ್ತರಿ, ಸೆಣಬಿನ ದಾರ ತುಂಬಿ ಜೋತುಬಿದ್ದ ಕಂದು ಕೋಟು ತೊಟ್ಟು ಅವರು ಮರಗಳ ನಡುವೆ ಮಾತಾಡುತ್ತ ಹೊರಟರೆ, ಬಂದವರು ಮನೆಯ ದಾರಿ ಮರೆಯುತ್ತಿದ್ದರು. ಆದರೆ ಅಧೀಕ್ಷಕರ ಹುದ್ದೆಗೆ ಎರಡು ಸಲ ಸಂದರ್ಶನ, ಎರಡು ಸಲವೂ ಕುರ್ಚಿ. ಎದ್ದು ಓಡಾಡಲೇ ಎಂದು ಕೇಳುವುದಕ್ಕಾದರೂ ಬಾಯಿ ಬಿಡಬೇಕಲ್ಲ! ಎರಡು ಸಲವೂ ಮುಖ ಬಾಡಿಸಿಕೊಂಡು ಬಂದರು.

ಮೂರನೆಯದು ಕೊನೆಯ ಅವಕಾಶ. ಆಮೇಲೆ ವಯಸ್ಸು ಮೀರುತ್ತಿತ್ತು. ಈ ಸಲ ಸಮಿತಿಯವರು ದೂರದೂರಿನಿಂದ ಫೋನಿನ ಪರದೆಯಲ್ಲೇ ಮಾತಾಡಿಸುವವರಿದ್ದರು. ವೈಫೈ ಮನೆಯೂಟ, ಮೊಬೈಲ್ ಡೇಟಾ ಹೋಟೆಲಿನ ಊಟ ಎಂಬುದು ಚಿಕ್ಕಮ್ಮನ ಸಿದ್ಧಾಂತ. ಮನೆಯೊಳಗೆ ಡೇಟಾ ಆನ್ ಮಾಡಲು ಬಿಡುತ್ತಿರಲಿಲ್ಲ. ಆ ದಿನವೂ ಸಿಗ್ನಲ್ ಚೆನ್ನಾಗಿರಲೆಂದು ಹಸಿರು ದೀಪ ಮಿನುಗುವ ವೈಫೈ ಡಬ್ಬಿಯ ಪಕ್ಕಕ್ಕೇ ಕುರ್ಚಿ ಎಳೆದು, ಅಕ್ಕರೆಯಿಂದ ಗಂಡನನ್ನು ಕೂರಿಸಿದರು.

ಈ ಹುದ್ದೆ ನಿಮಗೇಕೆ ಬೇಕು ಎಂದು ಸಮಿತಿಯವರು ಕೇಳಿದ್ದೇ ತಡ, ಕತ್ತಿನ ನರ ಉಬ್ಬಿತು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಆಗ ಚಿಕ್ಕಪ್ಪ ಫೋನು ಎತ್ತಿಕೊಂಡು ಎದ್ದೇಬಿಟ್ಟರು. ಮಾತು ಹೊರಟಿತು. ಆದರೆ ಎರಡು ಕೋಣೆಯ ಮನೆ. ಗೋಡೆ ಎದುರಾಗಿ ತಿರುಗಿದಲ್ಲೆಲ್ಲ ಮಾತೂ ಮುಗ್ಗರಿಸುತ್ತಿತ್ತು. ಕಾಲು ತಾನಾಗಿ ಅವರನ್ನು ಅಂಗಳಕ್ಕೆ, ಅಂಗಳದಿಂದ ಗೇಟಿಗೆ ಒಯ್ದಿತು. ಗೇಟಿನ ಬಳಿ ವೈಫೈ ಕೈಕೊಟ್ಟಿತು. ಪರದೆಯ ಮೇಲಿನ ಮುಖಗಳು ಬಾಯಿ ತೆರೆದಂತೆಯೇ ನಿಶ್ಚಲವಾದವು.

ಒಳಗೆ ಸಿಗ್ನಲ್ಲಿದೆ, ಮಾತಿಲ್ಲ; ಹೊರಗೆ ಮಾತಿದೆ, ಸಿಗ್ನಲ್ಲಿಲ್ಲ. ಚಿಕ್ಕಪ್ಪ ಒಂದು ಕಾಲು ಹೊರಗಿಟ್ಟು ನಿಂತೇಬಿಟ್ಟರು. ಚಿಕ್ಕಮ್ಮ ಬರಿಗಾಲಲ್ಲಿ ಓಡಿ ಬಂದು, ತನ್ನ ಸಿದ್ಧಾಂತವನ್ನು ಗಾಳಿಗೆ ತೂರಿ, ಫೋನಿನ ಮೇಲೆ ಬೆರಳಾಡಿಸಿದರು.

"ವೈಫೈ ಆಫ್ ಮಾಡಿದೀನಿ ಕಣ್ರೀ. ಡೇಟಾ ನಿಮ್ ಜೊತೇನೇ ಬರುತ್ತೆ. ನಡೀರಿ ನೀವು."

ಮುಖಗಳಿಗೆ ಮತ್ತೆ ಜೀವ ಬಂತು. ಚಿಕ್ಕಪ್ಪ ನಡೆದರು. ಲಾಂಡ್ರಿ ದಾಟಿ, ಶಾಲೆಯ ಗೋಡೆ ದಾಟಿ, ಸೇತುವೆ ದಾಟಿ ನಡೆದರು. ಒಂದು ಟವರು ಅವರನ್ನು ಇನ್ನೊಂದಕ್ಕೆ ಒಪ್ಪಿಸುತ್ತ ಹೋಯಿತು, ಎಲ್ಲೂ ತುಂಡಾಗಲಿಲ್ಲ. ರಕ್ಷಣೆಗೆಂದು ಹಾಕಿದ ಕಬ್ಬಿಣದ ಬಳೆಯೇ ತೊಗಟೆಯೊಳಗೆ ಹೂತು ನರಳುತ್ತಿದ್ದ ದಾರಿಬದಿಯ ಮರವೊಂದನ್ನು ಕ್ಯಾಮೆರಾಕ್ಕೆ ತೋರಿಸಿ, ಅದನ್ನು ಬಿಡಿಸುವ ಬಗೆ ವಿವರಿಸತೊಡಗಿದರು. ವಿವರಿಸುತ್ತ ಹೆಜ್ಜೆ ನಿಧಾನವಾಯಿತು, ಮಾತು ತಡವರಿಸಿತು. ಸಮಿತಿಯಲ್ಲಿದ್ದ ಹಿರಿಯ ಹೆಂಗಸೊಬ್ಬರಿಗೆ ಅದು ತಟ್ಟನೆ ಅರ್ಥವಾಯಿತು.

"ನಿಲ್ಲಬೇಡಿ ಸರ್. ನಡೀತಾನೇ ಹೇಳಿ, ನಾವು ಬರ್ತಿದೀವಿ."

ನನ್ನೊಡನೆ ಹಿಂದೆಯೇ ಬರುತ್ತಿದ್ದ ಚಿಕ್ಕಮ್ಮ ಬೀದಿಯಲ್ಲೇ ಅತ್ತರು. ನನಗಂತೂ ಕುಣಿಯಬೇಕೆನಿಸಿತು.

ಈಗ ಉದ್ಯಾನದ ಸಭೆಗಳೆಲ್ಲ ನಡೆಯುತ್ತಲೇ ಆಗುತ್ತವೆ. ಹೊಸ ಅಧೀಕ್ಷಕರ ಹಿಂದೆ ಸಿಬ್ಬಂದಿಯೆಲ್ಲ ಏದುಸಿರು ಬಿಡುತ್ತ ಸಾಗುತ್ತಾರೆ. ಚಿಕ್ಕಪ್ಪನಂಥವರ ಬಗೆಯೇ ಬೇರೆ. ಕೂರಿಸಿ ಅಳೆಯುವ ಲೋಕ ಅವರನ್ನು ಮಂದರೆಂದು ತಿಳಿಯುತ್ತದೆ. ಪ್ರೀತಿಸುವವರೂ ಒಳ್ಳೆಯ ಸಿಗ್ನಲ್ ಇರುವಲ್ಲಿಗೇ ಕುರ್ಚಿ ಎಳೆದು ಕಟ್ಟಿಹಾಕುತ್ತಾರೆ. ಅವರಿಗೆ ಗೇಟು ತೆರೆದು ಕೊಟ್ಟು, ಜೊತೆಗೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು.