ಎರವಲು ತಂದ ಹಸು

ಗೃಹಪ್ರವೇಶಕ್ಕೆ ಬೆಳ್ಳಿಯ ಹಸು ಸಾಕು ಎಂದು ಯಾವ ಪುಣ್ಯಾತ್ಮರು ಕಂಡುಹಿಡಿದರೋ ಗೊತ್ತಿಲ್ಲ. ನಾವು ಮೊದಲಿದ್ದ ಸೆಂಟರ್‌ವಿಲ್‌ನಲ್ಲಿ ನಾನು ಕಂಡ ಗೃಹಪ್ರವೇಶಗಳಲ್ಲೆಲ್ಲ ಅಂಗೈಯಗಲದ ಬೆಳ್ಳಿ ಹಸುವನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ್ತಿಲು ದಾಟುತ್ತಿದ್ದರು. ಅಲ್ಲಿ ಬೇರೆ ದಾರಿಯೂ ಇರಲಿಲ್ಲ ಬಿಡಿ, ಟೌನ್‌ಹೌಸಿನ ಅಸೋಸಿಯೇಷನ್ನಿನವರು ನಾಯಿಯನ್ನು ಕಂಡರೇ ಮುಖ ಸಿಂಡರಿಸುತ್ತಿದ್ದರು. ಆದರೆ ಈಗ ನಾವು ಮನೆ ಕಟ್ಟಿಸಿದ್ದು ನಾರ್ತ್ ಕ್ಯಾರೊಲೈನಾದ ಹಳ್ಳಿಯೊಂದರಲ್ಲಿ, ಷಾರ್ಲೆಟ್‌ನಿಂದ ಒಂದೂವರೆ ಗಂಟೆ ದೂರ. ಅಡುಗೆಮನೆಯ ಕಿಟಕಿ ತೆರೆದರೆ ಬೇಲಿಯಾಚೆ ಮೂವತ್ತು ಹಸು ಮೇಯುತ್ತಿರುತ್ತವೆ. ಜೀವಂತ ಹಸು ಇಷ್ಟು ಕಣ್ಣೆದುರು ಇರುವಾಗ ಬೆಳ್ಳಿಯದನ್ನು ಹಿಡಿದು ಒಳಗೆ ಹೋಗಲು ನನಗೇನು ಹುಚ್ಚೇ?

"ಹುಚ್ಚು ಅಂದ್ರೆ ಇದು, ಶೈಲೂ," ಎಂದರು ನನ್ನ ಗಂಡ ತ್ಯಾಗರಾಜ. "ಅವು ಬೀಫ್ ಕ್ಯಾಟಲ್ ಕಣೇ. ಹೋಗಿ, ಬರ್ಗರ್‌ಗೆ ಬೆಳೆಸ್ತಿರೋ ಹಸುನ ಪೂಜೆಗೆ ಕೊಡಿ ಅಂತ ಕೇಳ್ತೀಯಾ?"

"ಹಸು ಹಸುನೇ ರೀ. ತಾನು ಬೀಫ್ ಅಂತ ಅದಕ್ಕೇನು ಗೊತ್ತು?"

ಈ ಹಳ್ಳಿಗೆ ಬರುವ ತೀರ್ಮಾನವೂ ನನ್ನದೇ. ಕೋವಿಡ್ ಬಂದಮೇಲೆ ಇವರ ಬ್ಯಾಂಕಿನ ಕೆಲಸ ಮನೆಯಿಂದಲೇ ನಡೆಯುತ್ತಿತ್ತು. ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಪಕ್ಕದವರ ಮಿಕ್ಸಿ ಸದ್ದು ಕೇಳಿಕೊಂಡು ಯಾಕೆ ಇರಬೇಕು ಎಂದು ಟೌನ್‌ಹೌಸ್ ಮಾರಿಸಿದೆ. ಆ ಕಡೆಯೇ ಕ್ಲಾರ್ಕ್ಸ್‌ಬರ್ಗ್‌ನಲ್ಲಿರುವ ಮಗಳು ರಚನಾ, "ಅಮ್ಮಾ, ತ್ರೀ ಮಂತ್ಸ್. ಆಮೇಲೆ ನೀನು ಓಡಿ ಬರ್ತೀಯ," ಎಂದು ನಕ್ಕಳು. ಅವಳು ನಕ್ಕದ್ದೇ ಒಳ್ಳೆಯದಾಯಿತು. ನನ್ನ ಕೈಲಿ ಆಗುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಎಲ್ಲಿಲ್ಲದ ಹುರುಪು ಬರುತ್ತದೆ.

ಮನೆ ಮುಗಿಯುವವರೆಗೆ ಹತ್ತಿರದ ಬಾಡಿಗೆ ಮನೆಯಲ್ಲಿದ್ದುಕೊಂಡೇ ಹಳ್ಳಿಯ ರೀತಿನೀತಿಗಳನ್ನು ಬೇಗ ಕಲಿತೆ. ಕರೆಂಟು ಹೋದರೆ ಬಾವಿಯ ಪಂಪು ನಿಂತು ನಲ್ಲಿಯೂ ನಿಲ್ಲುತ್ತದೆ, ಆದ್ದರಿಂದ ಕೊಳಗದಲ್ಲಿ ನೀರು ತುಂಬಿಡಬೇಕು. ಕರಿಬೇವಿನ ಕುಂಡವನ್ನು ಚಳಿಗೆ ಮುಂಚೆ ಒಳಗೆ ತರಬೇಕು. ರಸ್ತೆಯಲ್ಲಿ ಎದುರು ಬರುವ ಪ್ರತಿಯೊಂದು ಗಾಡಿಗೂ ಸ್ಟಿಯರಿಂಗಿನಿಂದ ಒಂದು ಬೆರಳನ್ನು ಎತ್ತಬೇಕು, ಗುರುತಿದ್ದರೂ ಇಲ್ಲದಿದ್ದರೂ. ಮೊದಮೊದಲು ನಾನು ಇಡೀ ಕೈ ಎತ್ತಿ ಬೀಸುತ್ತಿದ್ದೆ. ಪಾಪ, ಏನೋ ತೊಂದರೆಯಲ್ಲಿದ್ದಾಳೆ ಎಂದು ಇಬ್ಬರು ಗಾಡಿ ನಿಲ್ಲಿಸಿ ವಿಚಾರಿಸಿದ್ದರು.

ಬೇಲಿಯಾಚೆಯ ಹಸುಗಳು ಹಾರ್ಲನ್ ಎಂಬ ಹಿರಿಯರವು. ಎಪ್ಪತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದರು, ಮಗಳು ಕೆಲ್ಸಿ ಜೊತೆಗಿದ್ದಳು. ಆ ಕಡೆಯವರು ಇಂಗ್ಲಿಷನ್ನು ಎಳೆದೆಳೆದು, ಅರ್ಧ ನುಂಗಿ ಮಾತನಾಡುತ್ತಾರೆ. ನನ್ನ ಕಿವಿಗೆ ಅದು ಮಂಡ್ಯದ ಕನ್ನಡವಾಗಿಯೇ ಬೀಳುತ್ತಿತ್ತು, ಈಗಲೂ ಹಾಗೆಯೇ ನೆನಪಿದೆ. ಹಾಗಾಗಿ ಅವರ ಮಾತನ್ನು ಹಾಗೆಯೇ ಹೇಳುತ್ತೇನೆ.

ನಾನು ಹೋಗಿ, ನಮ್ಮಲ್ಲಿ ಹೊಸ ಮನೆಗೆ ಮನುಷ್ಯರಿಗಿಂತ ಮೊದಲು ಹಸು ಕರು ಕಾಲಿಡಬೇಕು, ಒಂದು ಬೆಳಗಿನ ಮಟ್ಟಿಗೆ ಕೊಡುತ್ತೀರಾ ಎಂದೆ. ಹಾರ್ಲನ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಮನೆ ಒಳಕ್ಕಾ?"

"ಒಳಕ್ಕೇ."

"ನಲವತ್ತೊಂದನ್ನ ತಕ್ಕೊಂಡೋಗಿ ಅಮ್ಮಾವ್ರೇ. ಕೆಲ್ಸಿ ಬಾಟ್ಲಿ ಹಾಲು ಕುಡ್ಸಿ ಸಾಕಿದ್ದು, ಹಾಯಾಕಿಲ್ಲ. ಆದ್ರೆ ಒಂದ್ ಮಾತು. ಎಂಗೆ ಓಯ್ತದೋ ಅಂಗೇ ವಾಪಸ್ ಬರ್ಬೇಕು."

ನಲವತ್ತೊಂದು ಎಂದರೆ ಕಿವಿಗೆ ಚುಚ್ಚಿದ ಹಳದಿ ಬಿಲ್ಲೆಯ ಮೇಲಿನ ನಂಬರು. ಅದೇ ಅದರ ಗುರುತು. ಪೆಟ್ಟಾಗದ ಹಾಗೆ ತಂದುಕೊಡಿ ಎನ್ನುತ್ತಿದ್ದಾರೆ ಎಂದುಕೊಂಡು ಧೈರ್ಯವಾಗಿ ಒಪ್ಪಿದೆ.

ಮೇ ತಿಂಗಳ ಒಂದು ಶನಿವಾರ ಗೃಹಪ್ರವೇಶ. ಷಾರ್ಲೆಟ್‌ನ ಬ್ಯಾಲೆಂಟೈನ್ ಕಡೆಯಿಂದ ಬಂದ ಕನ್ನಡದವರ ಕಾರುಗಳು ಜಲ್ಲಿ ರಸ್ತೆಯುದ್ದಕ್ಕೂ ನಿಂತಿದ್ದವು. ಪುರೋಹಿತರು ಕೃಷ್ಣಪ್ರಸಾದ ಭಟ್ಟರು. ಅಮೆರಿಕಕ್ಕೆ ಬಂದಮೇಲೆ ಅವರೂ ಬೆಳ್ಳಿಯ ಹಸುವಿಗೇ ಒಗ್ಗಿಹೋಗಿದ್ದವರು. ಕರಿಯ ಗುಡ್ಡದಂಥ ಹಸು ಕರುವಿನೊಡನೆ ಜಗಲಿ ಹತ್ತಿದ್ದು ಕಂಡು ಅವರ ಮಂತ್ರ ಒಂದು ಸಾಲು ಹಿಂದಕ್ಕೆ ಹೋಯಿತು, ಅವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ನಾನೇ ಕಾಲು ತೊಳೆದೆ, ಅರಿಸಿನ ಕುಂಕುಮ ಹಚ್ಚಿದೆ, ಅಕ್ಕಿ ಬೆಲ್ಲ ತಿನ್ನಿಸಿದೆ. ಹಾಕಿದ ಹಾರವನ್ನು ಕರು ತಿಂದಿತು.

ಆದರೆ ಹೊಸ್ತಿಲ ಹತ್ತಿರ ಹಸು ನಿಂತುಬಿಟ್ಟಿತು. ಒಳಗಿನ ಮರದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದಕ್ಕೆ ಭಯ. ಎಳೆದರೂ ಕದಲಲಿಲ್ಲ. ಮುಹೂರ್ತ ಮೀರುತ್ತಿತ್ತು. ಏನು ತೋಚಿತೋ, ಬಾಳೆಹಣ್ಣು ಹಿಡಿದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, "ಬಾರೇ ಗೌರಿ, ಬಾರಮ್ಮಾ, ನಿನ್ನದೇ ಮನೆ ಬಾ," ಎಂದು ಕರೆದೆ. ಬಂದವರೆಲ್ಲ ದನಿ ಸೇರಿಸಿದರು, "ಗೌರಿ ಬಾ, ಗೌರಿ ಬಾ!" ಹಸು ಕಿವಿ ನಿಮಿರಿಸಿ ನನ್ನನ್ನೇ ನೋಡಿತು, ಬಲಗಾಲಿಟ್ಟು ಒಳಗೆ ಬಂತು. ಹಜಾರದ ನಡುವೆ ಬಾಲ ಎತ್ತಿ ಸೆಗಣಿಯನ್ನೂ ಹಾಕಿತು. ಶುಭ ಶುಭ ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. "ನನ್ನ ಹಾರ್ಡ್‌ವುಡ್ಡು," ಎಂದು ಇವರು ಒಂದು ಮೂಲೆಯಲ್ಲಿ ನರಳಿದರು. ಬಾಗಿಲಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಹಾರ್ಲನ್ ಮಾತ್ರ ನಗಲಿಲ್ಲ.

ಅಲ್ಲಿಂದಾಚೆ ನಾನು ಬೇಲಿಯ ಹತ್ತಿರ ನಿಂತು "ಗೌರೀ" ಎಂದರೆ ಅವಳು ಎಲ್ಲಿದ್ದರೂ ಬರುತ್ತಿದ್ದಳು. ಬಾಳೆಹಣ್ಣಿನ ಸಿಪ್ಪೆ, ಅಕ್ಕಿ ತೊಳೆದ ಕಲಗಚ್ಚು, ಹುರುಳಿಕಾಯಿಯ ನಾರು ಎಲ್ಲವೂ ಅವಳಿಗೇ. ಕೆಲ್ಸಿಯೂ ಹಾಗೆಯೇ ಕರೆಯತೊಡಗಿದಳು. ಪರದೇಶದಲ್ಲಿ ನನ್ನ ದನಿಗೆ ಓಗೊಟ್ಟು ಓಡಿಬರುವ ಜೀವವೊಂದಿದೆ ಎಂಬುದು ನನಗೆ ಎಷ್ಟು ಬೇಕಾಗಿತ್ತು ಎಂದು ಗೊತ್ತಾದದ್ದೇ ಆಗ. ಇವರಿಗೆ ಮೀಟಿಂಗುಗಳಿದ್ದವು, ನನಗೆ ಗೌರಿ ಇದ್ದಳು.

ಅಕ್ಟೋಬರಿನಲ್ಲಿ ಹಾರ್ಲನ್ ಮನೆಯ ಮುಂದೆ ದನ ಸಾಗಿಸುವ ಟ್ರೇಲರ್ ಬಂದು ನಿಂತಿತು. ಬೇಲಿಯ ಹತ್ತಿರ ಸಿಕ್ಕ ಕೆಲ್ಸಿ ನನ್ನ ಮುಖ ನೋಡದೆ ವಿಷಯ ಹೇಳಿದಳು. ಡಾಕ್ಟರು ಬಂದು ಹಸುಗಳನ್ನೆಲ್ಲ ಪರೀಕ್ಷೆ ಮಾಡಿದ್ದಾರೆ, ಗಬ್ಬ ನಿಲ್ಲದವು ಸೋಮವಾರ ಸಂತೆಗೆ ಹೋಗುತ್ತವೆ, ಅದರಲ್ಲಿ ಗೌರಿಯೂ ಇದ್ದಾಳೆ, ಅವಳ ಹೆಣ್ಣುಗರು ಮಾತ್ರ ಹಾಲು ಬಿಟ್ಟು ಹಿಂಡಿನಲ್ಲೇ ಉಳಿಯುತ್ತದೆ. ಸಂತೆಯಿಂದ ಮುಂದೆ ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಬಿಡಿಸಿಕೊಂಡು ಬರುತ್ತೇನೆ ಎಂದು ಹೊರಟೆ. ಇವರು ತಡೆಯಲಿಲ್ಲ, ತಡೆದರೆ ಏನಾಗುತ್ತದೆ ಎಂದು ಗೊತ್ತಿರುವ ಮನುಷ್ಯ. ಹಾರ್ಲನ್ ಕೊಟ್ಟಿಗೆಯ ಗೇಟಿಗೆ ಸರಪಳಿ ಕಟ್ಟುತ್ತಿದ್ದರು.

"ಅವಳನ್ನು ಮಾರಬೇಡಿ," ಎಂದೆ. ನಮಸ್ಕಾರ, ಕುಶಲ ಯಾವುದೂ ಇಲ್ಲ.

"ನಾನೇನ್ ಮಾಡ್ಲಿ ಅಮ್ಮಾವ್ರೇ? ಗೌರಿ ಗಬ್ಬ ಕಟ್ಲಿಲ್ಲ," ಎಂದರು. ಅಂದವರು ಸರಪಳಿಯನ್ನು ಕೆಳಕ್ಕೆ ಬಿಟ್ಟು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. "ನೋಡಿ, ನನ್ ಬಾಯಲ್ಲೇ ಬಂದ್ಬುಡ್ತು! ನಮ್ಮಪ್ಪ ಹೇಳ್ಕೊಟ್ಟಿದ್ದು ಒಂದೇ ಮಾತು, ಮಾರೋ ದನಕ್ಕೆ ಎಸ್ರು ಇಕ್ಬ್ಯಾಡ ಅಂತ. ಅದಕ್ಕೇ ನಂಬರು. ಎಂಗೆ ಓಯ್ತದೋ ಅಂಗೇ ವಾಪಸ್ ತನ್ನಿ ಅಂದಿದ್ದೆ ನಿಮ್ಗೆ. ನೀವು ನಲವತ್ತೊಂದನ್ನ ಕರ್ಕೊಂಡೋಗಿ ಗೌರೀನ ತಂದ್ಕೊಟ್ರಿ."

ನಾನು ಗೇಟಿಗೆ ಅಡ್ಡ ನಿಂತೆ.

"ಸರಿ, ಇದನ್ನ ಬುಟ್ಟೆ ಅನ್ಕೊಳ್ಳಿ. ಮಿಕ್ಕಿದ್ ಮೂರು ಸೋಮ್ವಾರ ಟ್ರೇಲರ್ ಏರ್ತವಲ್ಲ, ಅವೇನ್ ಪಾಪ ಮಾಡಿದ್ವು? ಅವೂ ನಿಮ್ ಕಿಟಕಿ ಮುಂದೇನೇ ಮೇಯ್ತಿದ್ವು."

ನನಗೆ ಸಿಟ್ಟು ಬಂತು. ಪೂಜೆಗೆ ಒಂದು ಬೇಕಿತ್ತು, ಒಂದನ್ನು ತಂದೆ. ಉಳಿದವು ಕಿಟಕಿಯ ನೋಟ ಮಾತ್ರ ಆಗಿದ್ದವು. ಬೆಳ್ಳಿಯ ಹಸು ಹಿಡಿದವರನ್ನು ನೋಡಿ ನಕ್ಕವಳು ನಾನು. ನಾನೂ ಜೀವಂತ ಹಸುವನ್ನು ಬೆಳ್ಳಿಯದರ ಹಾಗೆಯೇ ಬಳಸಿ ವಾಪಸು ಕೊಟ್ಟಿದ್ದೆ. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

"ಅವಕ್ಕೆ ನನ್ನ ಹತ್ತಿರ ಉತ್ತರ ಇಲ್ಲ," ಎಂದೆ. "ಇವಳಿಗೆ ಹೆಸರಿಟ್ಟವಳು ನಾನು. ಇವಳನ್ನು ನನಗೆ ಕೊಡಿ. ಸಂತೆಯಲ್ಲಿ ಏನು ಬರುತ್ತದೋ ಅದೇ ಕೊಡುತ್ತೇನೆ."

"ಕೈ ಮುಗುದ್ರೆ ಸಾಲ್ದು. ಚಳಿಗಾಲ್ದಲ್ಲಿ ಬೆಳಗಾಗೆದ್ದು ತೊಟ್ಟಿ ಮೇಲಿನ್ ಮಂಜುಗಡ್ಡೆ ಒಡೀಬೇಕು. ಉಲ್ಲು ಆಕ್ಬೇಕು. ಬೇಲಿ ಕಟ್ಬೇಕು."

"ಕಟ್ಟುತ್ತೇನೆ."

ಅವರು ನನ್ನ ಚಪ್ಪಲಿಯನ್ನು ನೋಡಿದರು. "ಮೊದ್ಲು ಬೂಟ್ಸು ತಕ್ಕೊಳ್ಳಿ," ಎಂದರು.

ಸೋಮವಾರ ಟ್ರೇಲರ್ ಹೊರಟಾಗ ನಾನು ಬಾಗಿಲು ಹಾಕಿಕೊಂಡು ಒಳಗಿರಬಹುದಿತ್ತು. ಇರಲಿಲ್ಲ. ಬೇಲಿಯ ಹತ್ತಿರ ನಿಂತು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಅತ್ತೆ. ಅಳುವುದರಿಂದ ಆ ಮೂರಕ್ಕೂ ಏನೂ ಉಪಯೋಗವಾಗಲಿಲ್ಲ.

ಆ ಚಳಿಗಾಲದಲ್ಲಿ ನಾನು ಕಲಿತದ್ದು ಬಹಳ. ಮನೆಯ ಹಿಂದಿನ ನಮ್ಮ ಎರಡೆಕರೆ ಹುಲ್ಲಿಗೆ ಬೇಲಿಯ ಗೂಟ ಹೂಳಲು ಇವರೂ ಬಂದರು, ಬೈದುಕೊಂಡೇ ಬಂದರು. ಜನವರಿಯಲ್ಲಿ ಕೊಡಲಿಯ ಹಿಂಬದಿಯಿಂದ ತೊಟ್ಟಿಯ ಮಂಜುಗಡ್ಡೆ ಒಡೆಯುತ್ತಿದ್ದಾಗ ರಚನಾ ವೀಡಿಯೊ ಕಾಲ್ ಮಾಡಿ, "ಅಮ್ಮಾ, ಆರ್ ಯೂ ಓಕೆ? ನಿಂಗೆ ಕೋಲ್ಡ್ ಆಗಲ್ವಾ?" ಎಂದಳು. "ಆಗತ್ತೆ. ಇಡು ಫೋನು, ಗೌರಿಗೆ ಬಾಯಾರಿದೆ," ಎಂದೆ. ಮೂರು ತಿಂಗಳ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಫೆಬ್ರವರಿಯಲ್ಲಿ ಹಾರ್ಲನ್ ತಾವಾಗಿಯೇ ತಮ್ಮ ಹೋರಿಯನ್ನು ನಮ್ಮ ಹುಲ್ಲುಗಾವಲಿಗೆ ಬಿಟ್ಟು ಹೋದರು. ಈ ಸಲ ಗಬ್ಬ ನಿಂತಿತು.

ಜೂನಿನ ಒಂದು ಸಂಜೆ ಹಾರ್ಲನ್ ನಮ್ಮ ಜಗಲಿಗೆ ಬಂದು, ಟೋಪಿ ತೆಗೆದು ನಿಂತರು. ಕೂರಿ ಎಂದರೂ ಕೂರಲಿಲ್ಲ. ಕೆಲ್ಸಿ ಹೊಳೆಯಾಚೆ ಸ್ವಂತ ಮನೆ ಕಟ್ಟಿಸಿದ್ದಾಳೆ, ಭಾನುವಾರ ಚರ್ಚಿನ ಪಾದ್ರಿ ಬಂದು ಪ್ರಾರ್ಥನೆ ಮಾಡುತ್ತಾರೆ ಎಂದರು. ಆಮೇಲೆ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು.

"ಅವ್ಳು ಅಟ ಇಡ್ದವ್ಳೆ. ಮೊದ್ಲು ಅಸೂನೇ ಒಳೀಕೋಗ್ಬೇಕಂತೆ. ಅದಕ್ಕೇ… ಒಂದ್ ಬೆಳಗಿನ್ ಮಟ್ಟಿಗೆ ಗೌರೀನ ಕೊಡ್ತೀರಾ?"

ಒಳಗಿನಿಂದ ಇವರು ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ, ಬಿಗಿಯಾಗಿಯೇ ಹೇಳಿದೆ. "ಕೊಡುತ್ತೇನೆ. ಆದರೆ ಹೇಗೆ ಹೋಗುತ್ತಾಳೋ ಹಾಗೇ ವಾಪಸ್ ಬರಬೇಕು."

"ಅದೆಂಗಾಯ್ತದೆ ಅಮ್ಮಾವ್ರೇ?" ಎಂದರು ಹಾರ್ಲನ್. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಗ್ಗ ತಂದು ಅವರ ಕೈಗೆ ಕೊಟ್ಟೆ. ಅವರು ಬೇಲಿಯ ಹತ್ತಿರ ಹೋಗಿ, ಸುತ್ತ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, "ಗೌರೀ" ಎಂದು ಕೂಗಿದರು. ಅವಳು ಗಬ್ಬದ ಹೊಟ್ಟೆ ಹೊತ್ತುಕೊಂಡು ಇಳಿಜಾರಿನಿಂದ ಓಡಿಬಂದಳು. ನಾನು ಕರೆದಾಗ ಅಷ್ಟು ಬೇಗ ಬರುವುದಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಆದರೂ ಭಾನುವಾರಕ್ಕೆ ಅರಿಸಿನ ಕುಂಕುಮ ತೆಗೆದಿಡಲು ಒಳಗೆ ಹೋದೆ.