ಬೇಗ ಖಾಲಿಯಾದ ಸೀಸೆ

ಆ ದಿನ ಬೆಳಗ್ಗೆ ಎಂಥ ಮಂಜೆಂದರೆ, ಭಟ್ಟಿಯ ಹಬೆ ಯಾವುದು, ಮಂಜು ಯಾವುದು ತಿಳಿಯುತ್ತಿರಲಿಲ್ಲ. ನೀಲಗಿರಿ ಎಲೆ ಬೇಯಿಸಿ ಎಣ್ಣೆ ಇಳಿಸುತ್ತಿದ್ದ ಭಟ್ಟಿಯವನ ಬಳಿಗೆ ಅವನ ಅಕ್ಕ ಬಂದಳು. ಬಟ್ಟೆ ಹೊಲಿದು ಬದುಕುವವಳು.

"ಇನ್ನೊಂದು ಸೀಸೆ ಎಣ್ಣೆ ಕೊಡೋ. ಖಾಲಿ ಸೀಸೆ ಮರೆತು ಬಂದೆ, ಬಾಕಿ ಇರಲಿ."

"ಹೋದ ವಾರ ತಾನೇ ಒಯ್ದೆ. ಮಂಡಿಗೆ ಹಚ್ಚೋಕೆ ಒಂದು ಸೀಸೆ ತಿಂಗಳುಗಟ್ಟಲೆ ಬರ್ತಿತ್ತು. ಈಗ ಸ್ನಾನ ಮಾಡ್ತೀಯೇನು ಅದರಲ್ಲಿ?"

ಅಕ್ಕ ನಗಲಿಲ್ಲ. ಒಲೆಯ ಹತ್ತಿರ ಕೈ ಕಾಯಿಸುತ್ತಿದ್ದ ಊರಿನ ಆಸ್ಪತ್ರೆಯ ದಾದಿ ಅವಳ ಕಡೆ ನೋಡಿದಳು. "ಅಕ್ಕಾ, ಕಂಕುಳ ಹತ್ತಿರ ಚರ್ಮ ಸುಟ್ಟ ಹಾಗಿದೆಯಲ್ಲ, ಎಣ್ಣೆ ಅಲ್ಲಿಗೆ ಹಚ್ತಿದ್ದೀಯಾ?"

"ಎದೆಯಲ್ಲೊಂದು ಗಂಟು, ಅದಕ್ಕೇ ಹಚ್ತಿದೀನಿ. ನೋವಿಲ್ಲ. ಈ ಎಣ್ಣೆ ಕ್ಯಾನ್ಸರ್ ಕಣ ಕೊಲ್ಲುತ್ತೆ ಅಂತ ಇವನೇ ಗೋಡೆಗೆ ಪೇಪರು ಅಂಟಿಸಿದಾನಲ್ಲ."

ತಮ್ಮ ದಾದಿಯ ಕಡೆ ತಿರುಗಿದ. "ಆ ಪೇಪರಲ್ಲಿರೋದು ಸುಳ್ಳಾ?"

"ಸುಳ್ಳಲ್ಲಣ್ಣ, ಅರ್ಧ ನಿಜ. ಗಾಜಿನ ತಟ್ಟೇಲಿ ಬೆಳೆಸಿದ ಕಣಕ್ಕೆ ಹಾಕಿ ನೋಡಿದ್ದಾರೆ. ಅಲ್ಲಿ ಸೋಪಿನ ನೀರು ಹಾಕಿದ್ರೂ ಕಣ ಸಾಯುತ್ತೆ. ಅಕ್ಕನ ಗಂಟು ತಟ್ಟೇಲಿಲ್ಲ."

"ಮರದ್ದು ತಾನೇ? ಏನು ಕೆಡುಕು ಮಾಡುತ್ತೆ?" ಎಂದಳು ಅಕ್ಕ.

"ಎಣ್ಣೆ ಅಂದ್ರೆ ಒಂದೇ ವಸ್ತು ಅಲ್ಲ. ಇದರಲ್ಲಿ ಸಿನಿಯೋಲ್ ಅನ್ನೋ ರಾಸಾಯನಿಕ ಜಾಸ್ತಿ. ಜೊತೆಗೆ ಪೈನೀನ್, ಲಿಮೊನೀನ್, ಇನ್ನೂ ಏನೇನೋ. ಬೇಸಿಗೆ ಎಲೆ ಎಣ್ಣೆ ಬೇರೆ, ಮಳೆಗಾಲದ್ದು ಬೇರೆ ಅಂತ ನಿನ್ನ ತಮ್ಮನೇ ಹೇಳ್ತಾನಲ್ಲ. ಯಾವುದು ಎಷ್ಟಿದ್ರೆ ಮದ್ದು ಅನ್ನೋದನ್ನ ಇನ್ನೂ ಹುಡುಕ್ತಾ ಇದಾರೆ. ಕುಡಿದಿಲ್ಲ ತಾನೇ?"

"ಇವತ್ತಿನಿಂದ ಕುಡಿಯೋಣ ಅಂತಲೇ ಬಂದೆ."

ಎಲೆ ಅರ್ಧ ಬೆಂದಿತ್ತು. ಆದರೂ ಭಟ್ಟಿಯವನು ಒಲೆಗೆ ನೀರು ಸುರಿದು ಬೆಂಕಿ ಆರಿಸಿದ.

"ನಡಿ, ಆಸ್ಪತ್ರೆಗೆ."

"ಹೊಲಿಗೆ ರಾಶಿ ಬಿದ್ದಿದೆಯೋ. ಅದೇ ರೋಗ ಅಂದ್ಬಿಟ್ರೆ?"

"ಅಂದ್ರೆ ಇವತ್ತೇ ಅನ್ನಲಿ" ಎಂದಳು ದಾದಿ. "ಮರ ಕೊಟ್ಟ ದೇವರೇ ವೈದ್ಯರ ಕೈಯನ್ನೂ ಕೊಟ್ಟಿದ್ದಾನೆ."

ಆಸ್ಪತ್ರೆಯಲ್ಲಿ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ಅಕ್ಕನ ಮನೆಯಲ್ಲಿ ಹೊಲಿಗೆ ಯಂತ್ರ ಸದ್ದು ಮಾಡಲಿಲ್ಲ. ಬಂದ ಫಲಿತಾಂಶ ಕ್ಯಾನ್ಸರೇ. ಆದರೆ ಅದಿನ್ನೂ ಹರಡಿರಲಿಲ್ಲ. ಚಿಕಿತ್ಸೆಗೆ ದಿನ ಗೊತ್ತಾಯಿತು.

ತಾಯಂದಿರೇ, ಅಕ್ಕತಂಗಿಯರೇ, ನೋವಿಲ್ಲವೆಂದು ಗಂಟನ್ನು ನಂಬಬೇಡಿ. ಮರದ ಮೇಲಿನ ಭಕ್ತಿ ಮನಸ್ಸಿನಲ್ಲಿರಲಿ, ಅದರ ಎಣ್ಣೆಯನ್ನು ಪರೀಕ್ಷಿಸುವವರು ಪರೀಕ್ಷಿಸಲಿ. ಮೈಯಲ್ಲಿ ಹೊಸ ಗಂಟು ಕೈಗೆ ಸಿಕ್ಕರೆ, ಯಾವ ಸೀಸೆಗೂ ಕೈ ಹಾಕುವ ಮೊದಲು ಆಸ್ಪತ್ರೆಯ ಬಾಗಿಲು ತಟ್ಟಿ.

ಚಿಕಿತ್ಸೆಯ ಹಿಂದಿನ ದಿನ ಅಕ್ಕ ಭಟ್ಟಿಗೆ ಬಂದಳು. ಗೋಡೆಯಲ್ಲಿ ಪೇಪರು ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ತೊಳೆದು ಒರೆಸಿದ್ದ ಬಾಕಿಯ ಖಾಲಿ ಸೀಸೆಯನ್ನು ಚೀಲದಿಂದ ತೆಗೆದು ತಮ್ಮನ ಕೈಗಿಟ್ಟಳು. ತುಂಬಿದ್ದನ್ನು ಕೇಳಲಿಲ್ಲ.